ಹುಳುಕು ಹಲ್ಲೂ ಹೆದರಿಕೆಯ ಕುರ್ಚಿಯೂ

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಎರಡು ಬದಿಗೂ ಹಸಿ ಕಾಯಿ, ಹುರಿದ ಕಾಯಿ, ಬೇಯಿಸಿದ ಕಾಯಿಗಳ ರಾಶಿ. ಆ ಜನಸಂದಣಿಯ ನಡುವೆ ಮೊಮ್ಮಗನ ಕೈ ಹಿಡಿದು ನಡೆಯುತ್ತಿರುವ ಗೃಹಸ್ಥರೊಬ್ಬರನ್ನು ವಾಚಕರು ಊಹಿಸಿಕೊಳ್ಳಬಹುದು. ಅವರನ್ನು ರಾಯರೆಂದು ಕರೆದರೆ ಸಾಕು. ಇಂತಹ ರಾಯರು ಎಲ್ಲ ಬೀದಿಗಳಲ್ಲಿಯೂ ಇದ್ದಾರೆ. ಕೈಯಲ್ಲಿ ಬೆಚ್ಚನೆಯ ಕಡಲೆಕಾಯಿಯ ಪೊಟ್ಟಣವಿದೆ, ಬಾಯಲ್ಲಿ ನೀರೂರುತ್ತಿದೆ. ಆದರೆ ಅಗಿಯುವುದೆಲ್ಲ ಎಡಗಡೆಯಿಂದಲೇ. ಬಲಗಡೆಯ ಕೆಳದವಡೆಯ ಹಲ್ಲೊಂದು ಎರಡು ವರ್ಷಗಳಿಂದ ಹುಳುಕಾಗಿದೆ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಯಾರಿಗೆ ತಾನೆ ತಿಳಿಯದು? ರಾಯರ ವಿಷಯದಲ್ಲಿ ಆ ಗಾದೆಗೆ ಕೊಂಚ ತಿದ್ದುಪಡಿ ಬೇಕಾಗಿದೆ. ಅವರಿಗೆ ಕಡಲೆಯೂ ಇದೆ, ಹಲ್ಲೂ ಇದೆ. ದಂತವೈದ್ಯರ ಕ್ಲಿನಿಕ್ಕು ಮನೆಯಿಂದ ನಾಲ್ಕು ಹೆಜ್ಜೆಯ ದೂರದಲ್ಲಿಯೇ ಇದೆ. ಇಲ್ಲದಿರುವುದು ಒಳಗೆ ಕಾಲಿಡುವ ಧೈರ್ಯವೊಂದೇ. ಮೂವತ್ತು ವರ್ಷ ಕಚೇರಿಯಲ್ಲಿ ದುಡಿದವರು, ಎರಡು ಮದುವೆ ಮಾಡಿ ಒಂದು ಮನೆಯನ್ನೂ ಕಟ್ಟಿಸಿದವರು, ಆ ಬಾಗಿಲನ್ನು ಕಂಡೊಡನೆ ರಸ್ತೆಯ ಆಚೆಯ ಬದಿಗೆ ಸರಿದುಹೋಗುತ್ತಾರೆ!

ರಾತ್ರಿ ಎರಡು ಗಂಟೆಗೆ ನೋವು ಮೇಲೆದ್ದಾಗ ಮನೆಯಲ್ಲಿ ನಡೆಯುವ ಸಂಭಾಷಣೆಯೂ ಹಳೆಯದೇ.

“ಏನೂಂದ್ರೆ, ಬೆಳಗಾಗುತ್ತಲೇ ಒಂದು ಸಲ ಡಾಕ್ಟರ ಹತ್ತಿರ ಹೋಗಿಬರಬಾರದೆ?”

“ನೋಡೋಣ ಕಣೇ. ಲವಂಗ ಇಟ್ಟುಕೊಂಡಿದ್ದೇನಲ್ಲ, ಕಡಿಮೆಯಾಗುತ್ತದೆ.”

ಬೆಳಗಾಗುವ ವೇಳೆಗೆ ನೋವು ಕೊಂಚ ತಗ್ಗುತ್ತದೆ. ಡಾಕ್ಟರ ಮಾತು ಮುಂದಿನ ವಾರಕ್ಕೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ, ಶಾಶ್ವತ ಹಲ್ಲುಗಳಲ್ಲಿ ಹುಳುಕಿದ್ದೂ ಚಿಕಿತ್ಸೆ ಪಡೆಯದವರು ಪ್ರಪಂಚದಲ್ಲಿ ಸುಮಾರು 200 ಕೋಟಿ ಮಂದಿ. ಇವರಲ್ಲಿ ಅನೇಕರಿಗೆ ಹಣವಿಲ್ಲ, ಅನೇಕರಿಗೆ ವೈದ್ಯರು ಹತ್ತಿರದಲ್ಲಿಲ್ಲ. ಆದರೆ ಎರಡೂ ಇದ್ದು ಬರಿಯ ಹೆದರಿಕೆಯಿಂದಲೇ ಹಲ್ಲನ್ನು ಕಳೆದುಕೊಳ್ಳುವವರೂ ಕಡಮೆಯಿಲ್ಲ. ಅವರ ಹೆದರಿಕೆಯನ್ನು ಕಂಡು ನಗುವುದು ಸುಲಭ. ಅದು ಎಲ್ಲಿಂದ ಬಂತು, ಇಂದು ಅದಕ್ಕೆ ಎಷ್ಟು ಆಧಾರವಿದೆ ಎಂದು ವಿಚಾರಿಸುವುದು ಹೆಚ್ಚು ಉಪಯುಕ್ತ.

ಹೆದರಿಕೆಗೆ ಕಾರಣವಿತ್ತು

ಹಲ್ಲು ಕೊರೆಯುವ ವಿದ್ಯೆ ಇಂದು ನಿನ್ನೆಯದಲ್ಲ. ಇಂದಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಮೆಹರ್‌ಗಢ ಎಂಬ ಪ್ರಾಚೀನ ನೆಲೆಯೊಂದಿದೆ. ಅಲ್ಲಿನ ಸಮಾಧಿಗಳಲ್ಲಿ ದೊರೆತ ಒಂಬತ್ತು ಮಂದಿಯ ಹನ್ನೊಂದು ದವಡೆ ಹಲ್ಲುಗಳಲ್ಲಿ ಕೊರೆದ ರಂಧ್ರಗಳಿರುವುದನ್ನು ಸಂಶೋಧಕರು 2006ರಲ್ಲಿ ಪ್ರಕಟಿಸಿದರು. ಆ ಹಲ್ಲುಗಳು 7,500ರಿಂದ 9,000 ವರ್ಷಗಳಷ್ಟು ಹಿಂದಿನವು. ಕೊರೆದದ್ದು ಕಲ್ಲಿನ ಮೊನೆಯಿಂದ. ರಂಧ್ರಗಳ ಅಂಚು ಆಮೇಲೆ ಅಗಿದು ಸವೆದಿರುವುದರಿಂದ, ಬದುಕಿದ್ದವರ ಬಾಯಲ್ಲಿಯೇ ಈ ಕೆಲಸ ನಡೆಯಿತೆಂಬುದು ಸ್ಪಷ್ಟ. ಆ ಒಂಬತ್ತು ಮಂದಿ ಎಂತಹ ನೋವನ್ನು ಸಹಿಸಿರಬೇಕು!

ಅಲ್ಲಿಂದ ಹತ್ತೊಂಬತ್ತನೆಯ ಶತಮಾನದ ನಡುವಿನ ತನಕ ಪರಿಸ್ಥಿತಿ ಬಹಳವೇನೂ ಬದಲಾಗಲಿಲ್ಲ. ಯೂರೋಪಿನಲ್ಲಿ ಹಲ್ಲು ಕೀಳುವುದು ಕ್ಷೌರಿಕರ ಕೆಲಸವಾಗಿತ್ತು. ಸಂತೆ ಜಾತ್ರೆಗಳಲ್ಲಿ ಜನರ ಕಣ್ಣೆದುರಿನಲ್ಲಿಯೇ ಅದು ನಡೆಯುತ್ತಿತ್ತು. ನಮ್ಮ ಊರುಗಳಲ್ಲಿಯೂ ಬೀದಿಯ ಬದಿಯಲ್ಲಿ ಬಟ್ಟೆ ಹಾಸಿ, ಅದರ ಮೇಲೆ ಕಿತ್ತ ಹಲ್ಲುಗಳನ್ನು ಹರಡಿಕೊಂಡು ಕುಳಿತವರನ್ನು ಹಿರಿಯರು ಕಂಡಿದ್ದಾರೆ. ಇಕ್ಕಳವೊಂದೇ ಆಗ ಔಷಧ. ಕೈಕಾಲು ಬಲವಾಗಿ ಹಿಡಿದುಕೊಳ್ಳುವ ಬಂಧುಗಳೇ ಸಹಾಯಕರು. 1871ರಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್ ಹಲ್ಲು ಕೊರೆಯುವ ಯಂತ್ರವೊಂದಕ್ಕೆ ಹಕ್ಕುಪತ್ರ ಪಡೆದನು. ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿದು ನಡೆಸುವ ಯಂತ್ರ ಅದು. ಮೆಲ್ಲಗೆ ತಿರುಗುವ ಅದರ ಮೊನೆ ಹಲ್ಲನ್ನು ಬಿಸಿ ಮಾಡುತ್ತಿತ್ತು, ತಲೆಬುರುಡೆಯನ್ನೇ ನಡುಗಿಸುತ್ತಿತ್ತು.

ಇಂತಹ ಅನುಭವಗಳು ಮನೆಮಾತಾಗಿ ತಾತನಿಂದ ಮೊಮ್ಮಗನಿಗೆ ಇಳಿದುಬರುತ್ತವೆ. ರಾಯರೇ ಹತ್ತು ವರ್ಷದ ಹುಡುಗನಾಗಿದ್ದಾಗ ತಂದೆಯವರ ಬಿಗಿಯಾದ ತೋಳುಗಳ ನಡುವೆ ಕುಳಿತು ಹಲ್ಲು ಕೀಳಿಸಿಕೊಂಡವರು. ಅಂದಿನ ಕೂಗು ಅವರ ಕಿವಿಯಲ್ಲಿ ಇನ್ನೂ ಇದೆ. ಅಂದಮೇಲೆ ಅವರ ಭಯ ಹೇಡಿತನವಲ್ಲ, ಅದೊಂದು ನೆನಪು. ಆದರೆ ನೆನಪಿಗೆ ಒಂದು ದೋಷವಿದೆ: ಕಾಲ ಬದಲಾದದ್ದು ಅದಕ್ಕೆ ತಿಳಿಯುವುದಿಲ್ಲ.

ನೋವನ್ನು ಗೆಲ್ಲಲು ಹೊರಟವರು

ಸ್ವಾರಸ್ಯದ ಸಂಗತಿಯೆಂದರೆ, ಶಸ್ತ್ರಚಿಕಿತ್ಸೆಯ ನೋವನ್ನು ಗೆಲ್ಲಬಹುದೆಂದು ಪ್ರಪಂಚಕ್ಕೆ ತೋರಿಸಿಕೊಟ್ಟವರಲ್ಲಿ ದಂತವೈದ್ಯರೇ ಮುಂದಾಳುಗಳು. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಗಾರ್ಡನರ್ ಕೋಲ್ಟನ್ ಎಂಬಾತ ಜನರ ವಿನೋದಕ್ಕಾಗಿ ನೈಟ್ರಸ್ ಆಕ್ಸೈಡ್ ಎಂಬ ‘ನಗೆ ಅನಿಲ’ದ ಪ್ರದರ್ಶನವೊಂದನ್ನು ಏರ್ಪಡಿಸಿದ್ದನು. ಅನಿಲವನ್ನು ಸೇದಿದ ಯುವಕನೊಬ್ಬ ಅಮಲಿನಲ್ಲಿ ಓಡಾಡುತ್ತ ಕಾಲಿಗೆ ಪೆಟ್ಟು ಮಾಡಿಕೊಂಡನು. ಆದರೆ ಅವನಿಗೆ ನೋವೇ ತಿಳಿಯಲಿಲ್ಲ. ಪ್ರೇಕ್ಷಕರೆಲ್ಲರೂ ನಕ್ಕರು, ಅವರ ನಡುವೆ ಕುಳಿತಿದ್ದ ದಂತವೈದ್ಯ ಹೊರೇಸ್ ವೆಲ್ಸ್ ಮಾತ್ರ ಯೋಚನೆಗೆ ಬಿದ್ದನು. ಮರುದಿನವೇ ತಾನು ಅದೇ ಅನಿಲವನ್ನು ಸೇದಿ, ಜಾನ್ ರಿಗ್ಸ್ ಎಂಬ ಸಹೋದ್ಯೋಗಿಯಿಂದ ತನ್ನ ಹಲ್ಲನ್ನೇ ಕೀಳಿಸಿಕೊಂಡನು. ರೋಗಿಗಳ ಮೇಲೆ ಪ್ರಯೋಗಿಸುವುದಕ್ಕೆ ಮುಂಚೆ ರೋಗಿಯ ಕುರ್ಚಿಯಲ್ಲಿ ತಾನೇ ಕುಳಿತ ವೈದ್ಯ!

ವೆಲ್ಸನ ಭಾಗ್ಯ ಮಾತ್ರ ಒಳ್ಳೆಯದಾಗಿರಲಿಲ್ಲ. 1845ರಲ್ಲಿ ಬಾಸ್ಟನ್ ನಗರದ ವೈದ್ಯರ ಮುಂದೆ ಅವನು ನಡೆಸಿದ ಪ್ರದರ್ಶನದಲ್ಲಿ ರೋಗಿ ಕೂಗಿಕೊಂಡನು; ನೆರೆದವರು ಮೋಸವೆಂದು ಹಾಸ್ಯ ಮಾಡಿದರು. ಮನಸ್ಸು ಮುರಿದ ವೆಲ್ಸ್ 1848ರ ಜನವರಿಯಲ್ಲಿ ದಾರುಣವಾಗಿ ತೀರಿಕೊಂಡನು. ಅಷ್ಟರೊಳಗೆ, 1846ರ ಅಕ್ಟೋಬರ್ 16ರಂದು, ಅವನ ಹಿಂದಿನ ಜೊತೆಗಾರನಾಗಿದ್ದ ವಿಲಿಯಂ ಮಾರ್ಟನ್ ಎಂಬ ಮತ್ತೊಬ್ಬ ದಂತವೈದ್ಯ ಅದೇ ಬಾಸ್ಟನ್ನಿನಲ್ಲಿ ಈಥರಿನ ಪ್ರಯೋಗವನ್ನು ಯಶಸ್ವಿಯಾಗಿ ತೋರಿಸಿದ್ದನು. ಅರಿವಳಿಕೆಯ ಯುಗ ಆರಂಭವಾಯಿತು.

ಹಲ್ಲಿಗಾಗಿ ಇಡೀ ಮನುಷ್ಯನ ಎಚ್ಚರ ತಪ್ಪಿಸಬೇಕಾದ ಅಗತ್ಯವೂ ಕ್ರಮೇಣ ತಪ್ಪಿತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನಿನ ಹನಿಗಳಿಂದ ಕಣ್ಣನ್ನು ಮಾತ್ರ ಮರಗಟ್ಟಿಸಬಹುದೆಂದು ತೋರಿಸಿದನು. ಚಟ ಹಿಡಿಸುವ ಆ ಔಷಧದ ಬದಲಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೋವೊಕೇನ್ ಬಂದಿತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೊಫ್‌ಗ್ರೆನ್ ಲಿಗ್ನೊಕೇನನ್ನು ತಯಾರಿಸಿದನು. ಇಂದಿಗೂ ಹಲ್ಲಿನ ಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಕೆಯಾಗುವ ಔಷಧಗಳಲ್ಲಿ ಅದೂ ಒಂದು. ಒಸಡಿನಲ್ಲಿ ಇಳಿದ ಔಷಧ ನರದ ಸುದ್ದಿಯನ್ನು ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಒತ್ತಿದ್ದು, ತಳ್ಳಿದ್ದು ತಿಳಿಯುತ್ತದೆ, ನೋವು ತಿಳಿಯುವುದಿಲ್ಲ. ಕೊರೆಯುವ ಯಂತ್ರವೂ ಬದಲಾಯಿತು. 1957ರಲ್ಲಿ ಜಾನ್ ಬೋರ್ಡನ್ ಬಳಕೆಗೆ ತಂದ, ಗಾಳಿಯ ಒತ್ತಡದಿಂದ ತಿರುಗುವ ಯಂತ್ರದ ವೇಗ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು. ನೀರು ಚಿಮುಕಿಸುತ್ತ ಹಲ್ಲನ್ನು ತಂಪಾಗಿರಿಸಿ ಕ್ಷಣಗಳಲ್ಲಿ ಕೆಲಸ ಮುಗಿಸುವ ಯಂತ್ರಗಳು ಇಂದು ಸಾಮಾನ್ಯ ಕ್ಲಿನಿಕ್ಕುಗಳಲ್ಲಿಯೂ ಇವೆ. ಅದರ ಕೀರಲು ಸದ್ದು ಭಯಂಕರ, ನಿಜ. ಆದರೆ ಸದ್ದಿನಷ್ಟು ನೋವಿಲ್ಲ.

ಹಾಗಾದರೆ ಇಂದು ನೋವು ಬರುವುದೆಲ್ಲಿಂದ? ಅದು ಹೆಚ್ಚಾಗಿ ಬರುವುದು ವೈದ್ಯರ ಕೈಯಿಂದಲ್ಲ, ರೋಗಿಯ ವಿಳಂಬದಿಂದ.

ಹುಳುವಿಲ್ಲದ ಹುಳುಕು

ಹುಳುಕು ಎಂಬ ನಮ್ಮ ಮಾತಿನಲ್ಲಿಯೇ ಹುಳು ಕುಳಿತಿದೆ. ಸುಶ್ರುತ ಸಂಹಿತೆಯಲ್ಲಿಯೂ ಕ್ರಿಮಿದಂತವೆಂಬ ರೋಗದ ಹೆಸರಿದೆ. ಹಲ್ಲನ್ನು ಹುಳು ಕೊರೆಯುತ್ತದೆಂಬ ನಂಬಿಕೆ ಅನೇಕ ದೇಶಗಳಲ್ಲಿ ಸಾವಿರಾರು ವರ್ಷ ನಡೆದುಬಂದಿತು. 1728ರಲ್ಲಿ ದಂತವೈದ್ಯವನ್ನು ಕುರಿತು ಹಿರಿಯ ಗ್ರಂಥವೊಂದನ್ನು ಪ್ರಕಟಿಸಿದ ಫ್ರಾನ್ಸಿನ ಪಿಯರ್ ಫೋಷಾರ್ ಆ ಹುಳುವನ್ನು ಅಲ್ಲಗಳೆದನು. 1890ರಲ್ಲಿ ಬರ್ಲಿನ್ನಿನಲ್ಲಿದ್ದ ವಿಲ್ಲೋಬಿ ಮಿಲ್ಲರ್ ನಿಜವಾದ ಅಪರಾಧಿಯನ್ನು ಹೆಸರಿಸಿದನು: ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ಪಿಷ್ಟಗಳನ್ನು ಹುದುಗಿಸಿ ಆಮ್ಲವನ್ನು ಉಂಟುಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ.

ಹಲ್ಲಿನ ಹೊರಗಿನ ಎನಾಮಲ್ ಕವಚ ಮನುಷ್ಯದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಅದರಲ್ಲಿ ನರವಿಲ್ಲ; ಆದುದರಿಂದ ಅದು ಕರಗುವಾಗ ನೋಯುವುದೂ ಇಲ್ಲ. ಸಿಹಿ ತಿಂದ ಮೇಲೆ ಸುಮಾರು ಅರ್ಧ ಗಂಟೆ ಆಮ್ಲದ ಕಾಟ. ಬಳಿಕ ಜೊಲ್ಲು ನಿಧಾನವಾಗಿ ಸುಣ್ಣದ ಅಂಶವನ್ನು ಮರಳಿ ತುಂಬುತ್ತದೆ. ದಿನಕ್ಕೆ ಹತ್ತು ಸಲ ಬಿಸ್ಕತ್ತು, ಮಿಠಾಯಿ, ಸಕ್ಕರೆ ಹಾಕಿದ ಕಾಫಿ ಬಾಯಿಗೆ ಬೀಳುತ್ತಿದ್ದರೆ ಜೊಲ್ಲಿಗೆ ಬಿಡುವೆಲ್ಲಿ? ಮೊದಲು ಸುಣ್ಣದಂತಹ ಬಿಳಿಯ ಮಚ್ಚೆ ಕಾಣಿಸುತ್ತದೆ. ಈ ಹಂತದಲ್ಲಿ ಫ್ಲೋರೈಡಿನ ಲೇಪ, ಚೊಕ್ಕಟವಾದ ಹಲ್ಲುಜ್ಜುವಿಕೆ ಮತ್ತು ಸಿಹಿಯ ಮಿತಿಯಿಂದಲೇ ಹಲ್ಲು ಚೇತರಿಸಿಕೊಳ್ಳಬಹುದು. ಕೊರೆಯುವ ಮಾತೇ ಇಲ್ಲ.

ಕವಚ ಒಡೆದು ಒಳಗಿನ ಡೆಂಟಿನ್ ಪದರಕ್ಕೆ ಹುಳುಕು ಇಳಿದಾಗ ತಣ್ಣೀರು ಕುಡಿದರೆ ಚುಳ್ ಎನ್ನುತ್ತದೆ. ಇದು ಹಲ್ಲು ಕೊಡುವ ಮೊದಲ ನೋಟೀಸು. ಆಗ ವೈದ್ಯರ ಬಳಿಗೆ ಹೋದರೆ ಹುಳುಕಿನ ಭಾಗವನ್ನು ತೆಗೆದು ಕುಳಿ ತುಂಬುತ್ತಾರೆ. ಸಾಮಾನ್ಯವಾಗಿ ಒಂದೇ ಭೇಟಿಯ ಕೆಲಸ. ರಾಯರಿಗೆ ಈ ನೋಟೀಸು ಎರಡು ವರ್ಷದ ಹಿಂದೆಯೇ ಬಂದಿತ್ತು. ಅವರು ತಣ್ಣೀರು ಕುಡಿಯುವುದನ್ನು ಬಿಟ್ಟರು! ಹುಳುಕು ನಡುವಿನ ತಿರುಳನ್ನು ಮುಟ್ಟಿದಾಗ ನಡುರಾತ್ರಿಯ ನೋವು ಆರಂಭವಾಯಿತು. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ನೋವು ತಾನಾಗಿಯೇ ನಿಂತುಹೋಯಿತು. ರಾಯರು ಗೆದ್ದೆನೆಂದುಕೊಂಡರು. ವಾಸ್ತವವಾಗಿ ಹಲ್ಲಿನ ಒಳಗಿನ ನರವೇ ಸತ್ತಿತ್ತು. ನೋವು ನಿಂತದ್ದು ರೋಗ ವಾಸಿಯಾಯಿತೆಂಬುದರ ಗುರುತಲ್ಲ. ಮನೆಯ ಕಾವಲುಗಾರ ಬಿದ್ದುಹೋದನೆಂಬುದರ ಗುರುತು. ಸೋಂಕು ಬೇರಿನ ತುದಿಯ ತನಕ ಸದ್ದಿಲ್ಲದೆ ಇಳಿಯಿತು.

ಪರಿಷೆ ಕಳೆದ ಮೂರನೆಯ ದಿನ ಬೆಳಿಗ್ಗೆ ಅವರ ಬಲಗೆನ್ನೆ ಊದಿಕೊಂಡಿತ್ತು.

ಇಂತಹ ಊತವನ್ನು ಉದಾಸೀನ ಮಾಡುವುದು ಅಪಾಯಕರ. ಹಲ್ಲಿನ ಸೋಂಕು ಕತ್ತಿನ ಕಡೆಗೆ ಹರಡಿ ಉಸಿರಿನ ದಾರಿಯನ್ನೇ ಅಡ್ಡಗಟ್ಟಬಹುದು. ಜ್ವರ, ಬಾಯಿ ತೆರೆಯಲಾಗದಿರುವುದು, ನುಂಗಲು ಕಷ್ಟ, ಉಸಿರಾಟಕ್ಕೆ ತೊಂದರೆ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಾತು ವಾಚಕರು ವಿಶೇಷವಾಗಿ ಗಮನಿಸತಕ್ಕದ್ದು. ಉರಿಯೂತವಾಗಿ ಕೀವುಗಟ್ಟಿದ ಜಾಗದಲ್ಲಿ ಆಮ್ಲದ ಅಂಶ ಹೆಚ್ಚಿರುವುದರಿಂದ ಅರಿವಳಿಕೆಯ ಔಷಧ ಅಲ್ಲಿ ಚೆನ್ನಾಗಿ ಹಿಡಿಯುವುದಿಲ್ಲ. ವೈದ್ಯರು ದೂರದ ನರವನ್ನು ಮರಗಟ್ಟಿಸುವುದೇ ಮೊದಲಾದ ಉಪಾಯಗಳನ್ನು ಹೂಡಬೇಕಾಗುತ್ತದೆ. ಎಂದರೆ, ನೋವಾದೀತೆಂದು ಹೆದರಿ ಮುಂದೂಡಿದವರಿಗೇ ನೋವಿನ ಸಂಭವ ಹೆಚ್ಚು. ಆ ನೋವು ಮತ್ತಷ್ಟು ಭಯವನ್ನು ಹುಟ್ಟಿಸುತ್ತದೆ. ಆ ಭಯ ಮುಂದಿನ ಹಲ್ಲಿಗೂ ವಿಳಂಬವನ್ನು ತರುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆಯೇ.

ಮನೆಯ ಔಷಧಗಳ ಬಗೆಗೂ ಒಂದು ಮಾತು. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ವಸ್ತು ನೋವನ್ನು ತಾತ್ಕಾಲಿಕವಾಗಿ ತಗ್ಗಿಸುವುದು ನಿಜ. ದಂತವೈದ್ಯರು ಕೂಡ ತಾತ್ಕಾಲಿಕವಾಗಿ ಕುಳಿ ತುಂಬುವ ಪದಾರ್ಥದಲ್ಲಿ ಅದನ್ನು ಬಳಸುತ್ತಾರೆ. ಆದರೆ ಲವಂಗ ಕುಳಿಯನ್ನು ಮುಚ್ಚಲಾರದು. ಹಲ್ಲಿಗೆ ನಶ್ಯ ತಿಕ್ಕುವುದರಿಂದ ಕೇಡೇ ಹೊರತು ಲಾಭವಿಲ್ಲ. ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲೆ ಇಟ್ಟುಕೊಂಡರೆ ಒಸಡು ಸುಟ್ಟುಹೋಗುತ್ತದೆ. ಅಂಗಡಿಯಿಂದ ತಾವೇ ತಂದು ನುಂಗುವ ಆಂಟಿಬಯೋಟಿಕ್ ಮಾತ್ರೆ ಹಲ್ಲಿನ ಕುಳಿಯನ್ನು ವಾಸಿಮಾಡುವುದಿಲ್ಲ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆಂಬ ಮಾತಿಗಂತೂ ಯಾವ ಆಧಾರವೂ ಇಲ್ಲ.

ಕುರ್ಚಿಯ ಮೇಲೆ

ಕೊನೆಗೆ ರಾಯರು ಪತ್ನಿಯೊಡನೆ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದರು. ಅಲ್ಲಿ ಅವರು ಮಾಡಿದ ಜಾಣತನದ ಕೆಲಸವೆಂದರೆ, ಕುಳಿತೊಡನೆ ನಿಜವನ್ನು ಹೇಳಿಬಿಟ್ಟದ್ದು.

“ಡಾಕ್ಟರೆ, ನನಗೆ ಬಹಳ ಹೆದರಿಕೆ.”

“ಅದನ್ನು ಮೊದಲೇ ಹೇಳಿದಿರಲ್ಲ, ಒಳ್ಳೆಯದಾಯಿತು ರಾಯರೆ. ಸ್ವಲ್ಪ ನೋವೆನಿಸಿದರೂ ಎಡಗೈ ಎತ್ತಿ. ನಾನು ಕೂಡಲೇ ನಿಲ್ಲಿಸುತ್ತೇನೆ.”

ಇದು ಕೇವಲ ಉಪಚಾರದ ಮಾತಲ್ಲ. ಬಾಯಿ ತೆರೆದು, ಮಾತನಾಡಲಾಗದೆ, ಏನು ನಡೆಯುತ್ತಿದೆಯೆಂದು ಕಾಣದೆ ಒರಗಿರುವ ಮನುಷ್ಯನ ಭಯದಲ್ಲಿ ಅರ್ಧ ಪಾಲು ಅಸಹಾಯಕತೆಯದು. ನಿಲ್ಲಿಸುವ ಅಧಿಕಾರ ತನ್ನ ಕೈಯಲ್ಲಿದೆಯೆಂದು ತಿಳಿದಾಗ ಆ ಪಾಲು ಇಳಿಯುತ್ತದೆ. ಸೂಜಿಯ ಭಯವುಳ್ಳವರಿಗೆ ಮೊದಲು ಒಸಡಿನ ಮೇಲೆ ಜೋಮು ಹಿಡಿಸುವ ಲೇಪ ಹಚ್ಚುತ್ತಾರೆ. ಔಷಧವನ್ನು ನಿಧಾನವಾಗಿ ಇಳಿಸಿದರೆ ಚುಚ್ಚಿದ್ದೂ ಅಷ್ಟಾಗಿ ತಿಳಿಯದು. ಬಹಳ ಹೆದರುವವರಿಗೆ ವೆಲ್ಸನು ನಂಬಿದ್ದ ನಗೆ ಅನಿಲವನ್ನು ಆಮ್ಲಜನಕದೊಡನೆ ಹಿತಮಿತವಾಗಿ ಕೊಟ್ಟು ಮನಸ್ಸನ್ನು ಶಾಂತಗೊಳಿಸುವ ವ್ಯವಸ್ಥೆ ಕೆಲವು ಕಡೆ ಇದೆ.

ಮೊದಲ ಭೇಟಿಯಲ್ಲಿ ಬಾಯಿ ತೋರಿಸಿ, ಎಕ್ಸ್‌ರೇ ತೆಗೆಸಿ, ಖರ್ಚು ಎಷ್ಟೆಂದು ವಿಚಾರಿಸಿಕೊಂಡು ಹಿಂದಿರುಗಿದರೂ ಅಡ್ಡಿಯಿಲ್ಲ. ಆದರೆ ಎರಡನೆಯ ಭೇಟಿಯ ದಿನವನ್ನು ಗೊತ್ತುಮಾಡಿಕೊಂಡೇ ಹೊರಡಬೇಕು. ದಿನವಿಡೀ ಚಿಂತಿಸುತ್ತ ಕೂರದಂತೆ ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದು ಮೇಲು. ಹಲ್ಲಿನ ಸುತ್ತ ಮಾತ್ರ ಮರಗಟ್ಟಿಸುವ ಚಿಕಿತ್ಸೆಗೆ ಉಪವಾಸ ಬೇಕಿಲ್ಲ, ತಿಂಡಿ ತಿಂದು ಹೋಗುವುದೇ ಒಳ್ಳೆಯದು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದಯದ ತೊಂದರೆ, ರಕ್ತ ಹೆಪ್ಪುಗಟ್ಟದಂತೆ ನುಂಗುತ್ತಿರುವ ಮಾತ್ರೆ, ಬಸಿರು, ಇವುಗಳಲ್ಲಿ ಯಾವುದನ್ನೂ ವೈದ್ಯರಿಂದ ಮುಚ್ಚಿಡಬಾರದು. ಬಸುರಿಯರು ಹಲ್ಲುನೋವನ್ನು ಹೆರಿಗೆಯ ತನಕ ನುಂಗಿಕೊಳ್ಳಬೇಕಾಗಿಲ್ಲ. ಅವರಿಗೂ ಸುರಕ್ಷಿತವಾದ ಚಿಕಿತ್ಸೆಯಿದೆ. ಖರ್ಚಿನ ಚಿಂತೆಯುಳ್ಳವರಿಗೆ ದಂತವೈದ್ಯ ಕಾಲೇಜುಗಳ ಆಸ್ಪತ್ರೆಗಳಿವೆ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿಯೇ ಆರಂಭವಾದ ಸಂಸ್ಥೆ.

ರಾಯರ ಹಲ್ಲು ಕುಳಿ ತುಂಬಿಸುವ ಹಂತವನ್ನು ದಾಟಿಹೋಗಿತ್ತು. ಮೊದಲು ಕೀವಿಗೆ ದಾರಿ ಮಾಡಿಕೊಟ್ಟು ಊತವನ್ನು ಇಳಿಸಬೇಕಾಯಿತು. ಬಳಿಕ ಸತ್ತ ತಿರುಳನ್ನು ತೆಗೆದು, ಬೇರಿನ ಸೂಕ್ಷ್ಮವಾದ ನಾಳಗಳನ್ನು ತೊಳೆದು, ಗಟ್ಟಾಪರ್ಚ ಎಂಬ ಮರದ ಹಾಲಿನಿಂದಾದ ಪದಾರ್ಥವನ್ನು ಅವುಗಳಲ್ಲಿ ತುಂಬಿದರು. ರೂಟ್ ಕೆನಾಲ್ ಎಂದು ಜನ ಹೆದರಿ ಹೇಳುವ ಚಿಕಿತ್ಸೆ ಇದೇ. ಕೊನೆಗೆ ಹಲ್ಲು ಒಡೆಯದಂತೆ ಮೇಲೊಂದು ಕವಚ ಕೂರಿಸಿದರು. ನಾಲ್ಕು ಭೇಟಿಗಳಲ್ಲಿ ರಾಯರು ಎಡಗೈ ಎತ್ತಿದ್ದು ಒಮ್ಮೆ ಮಾತ್ರ. ಅದೂ ಕೆಮ್ಮು ಬಂದದ್ದಕ್ಕೆ. ಆದರೆ ಎರಡು ವರ್ಷದ ಹಿಂದೆ ಒಂದೇ ಭೇಟಿಯಲ್ಲಿ, ಸ್ವಲ್ಪ ಹಣದಲ್ಲಿ ಮುಗಿಯಬಹುದಾಗಿದ್ದ ಕೆಲಸ ಅದೆಂಬುದನ್ನು ಅವರ ಮನೆಯವರು ನೆನಪಿಸದೆ ಬಿಡಲಿಲ್ಲ.

ಮಕ್ಕಳ ಮುಂದೆ ಆಡುವ ಮಾತು

ಭಯ ಹುಟ್ಟಿನಿಂದ ಬಂದದ್ದಲ್ಲ, ಮನೆಯಲ್ಲಿ ಕಲಿತದ್ದು. ತಂಟೆ ಮಾಡಿದರೆ ಡಾಕ್ಟರ ಹತ್ತಿರ ಕರೆದೊಯ್ದು ಸೂಜಿ ಚುಚ್ಚಿಸುತ್ತೇನೆಂದು ಗದರಿಸುವ ತಾಯಿ, ತನ್ನ ಹಲ್ಲಿನ ಕಥೆಯನ್ನು ಊಟದ ಹೊತ್ತಿನಲ್ಲಿ ಬಣ್ಣಿಸುವ ತಾತ, ಇಬ್ಬರೂ ಅರಿಯದೆಯೇ ಮಗುವಿಗೆ ಒಂದು ಹುಳುಕು ಹಲ್ಲನ್ನು ದಾನ ಮಾಡುತ್ತಿದ್ದಾರೆ. ಸ್ವಲ್ಪವೂ ನೋಯುವುದಿಲ್ಲವೆಂದು ಸುಳ್ಳು ಹೇಳುವುದೂ ಸಲ್ಲದು. ಒಮ್ಮೆ ಮೋಸಹೋದ ಮಗು ಮತ್ತೆ ಬಾಯಿ ತೆರೆಯದು. ನೋವೇನೂ ಇಲ್ಲದಿರುವಾಗಲೇ ಮಗುವನ್ನು ಕರೆದೊಯ್ದು ಆ ಕುರ್ಚಿಯ ಪರಿಚಯ ಮಾಡಿಸಬೇಕು. ಮೊದಲ ಹುಟ್ಟುಹಬ್ಬದ ವೇಳೆಗೆ ಒಮ್ಮೆ ತೋರಿಸುವುದು ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ.

ಹಾಲುಹಲ್ಲು ಬಿದ್ದುಹೋಗುವಂಥದ್ದೇ ಅಲ್ಲವೆ ಎಂಬ ಉದಾಸೀನವೂ ತಪ್ಪು. ಹಿಂದೆ ಬರುವ ಹಲ್ಲಿಗೆ ಜಾಗ ಕಾದಿರಿಸುವುದು ಅದೇ. ಆರನೆಯ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದವಡೆ ಹಲ್ಲು ಮೂಡುತ್ತದೆ. ಅನೇಕ ತಂದೆತಾಯಿಗಳು ಅದನ್ನೂ ಹಾಲುಹಲ್ಲೆಂದೇ ಭಾವಿಸುತ್ತಾರೆ. ಆದರೆ ಅದು ಬಾಳಿನುದ್ದಕ್ಕೂ ಇರಬೇಕಾದ ಹಲ್ಲು. ಹುಳುಕು ಮೊದಲು ಹಿಡಿಯುವುದೂ ಹೆಚ್ಚಾಗಿ ಅದನ್ನೇ. ಬೆಳಿಗ್ಗೆ ಮತ್ತು ರಾತ್ರಿ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜುವುದು ಅಗತ್ಯ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆರು ವರ್ಷದ ತನಕ ಬಟಾಣಿಯಷ್ಟು ಪೇಸ್ಟ್ ಸಾಕು. ಕೋಲಾರ, ತುಮಕೂರು ಮೊದಲಾದ ಜಿಲ್ಲೆಗಳ ಕೆಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿರುವುದರಿಂದ, ಅಂತಹ ಊರಿನವರು ಈ ವಿಷಯದಲ್ಲಿ ವೈದ್ಯರ ಸಲಹೆ ಪಡೆಯುವುದು ಲೇಸು.

ಮರುವರ್ಷ ಕಾರ್ತಿಕ ಬಂದಿತು. ಪರಿಷೆಗೆ ಹೊರಡುವ ಮುನ್ನಾದಿನ ಮೊಮ್ಮಗನ ಹೊಸ ದವಡೆ ಹಲ್ಲಿನ ಮೇಲೆ ಸಣ್ಣ ಕಂದುಬಣ್ಣದ ಚುಕ್ಕೆಯೊಂದು ಅವನ ಅಜ್ಜಿಯ ಕಣ್ಣಿಗೆ ಬಿದ್ದಿತು. ಮುಂದಿನ ವಾರ ನೋಡೋಣವೆಂದು ಈ ಬಾರಿ ಯಾರೂ ಹೇಳಲಿಲ್ಲ. ರಾಯರೇ ಹುಡುಗನನ್ನು ಕರೆದುಕೊಂಡು ಹೋಗಿ, ಕುರ್ಚಿಯ ಪಕ್ಕದಲ್ಲಿ ನಿಂತರು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಸೂಜಿಯ ಅಗತ್ಯವೂ ಬೀಳಲಿಲ್ಲ.

“ಇಷ್ಟೇನಾ ತಾತ?” ಎಂದನು ಹುಡುಗ.

“ಇಷ್ಟೇ ಕಣೋ” ಎಂದರು ರಾಯರು. ಆ ಎರಡು ಪದಗಳನ್ನು ಕಲಿಯಲು ಅವರಿಗೆ ಐವತ್ತು ವರ್ಷ ಹಿಡಿದಿತ್ತು. ಮರುದಿನ ಸಂಜೆ ಬಸವನಗುಡಿಯ ರಸ್ತೆಯಲ್ಲಿ ತಾತ ಮೊಮ್ಮಗ ಇಬ್ಬರೂ ಹುರಿದ ಕಡಲೆಕಾಯಿಯನ್ನು ಎರಡು ದವಡೆಗಳಿಂದಲೂ ಅಗಿಯುತ್ತ ನಡೆದರು.